ಹಾಸಿಗೆ ಚೀಲ ಆರಿಸಿದ ಚಳಿಗಾಲ

ಮೊನ್ನೆ ಕಂಪ್ಲಿಯಲ್ಲಿ ಮದುವೆಯ ಊಟ ಮುಗಿಸಿ ಬಸ್ಸಿಗೆಂದು ನಡೆದು ಬರುತ್ತಿದ್ದೆ. ಹೊಳೆಯ ಕಡೆಯ ಓಣಿಯಲ್ಲಿ ಒಬ್ಬ ಮುದುಕ ಕಂಬಳಿ ನೇಯಲೆಂದು ಬೀದಿಯುದ್ದಕ್ಕೂ ಉಣ್ಣೆಯ ನೂಲು ಬಿಗಿದು, ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದ. ಬಿಸಿ ಗಂಜಿ ಕುರಿಯುಣ್ಣೆಗೆ ತಾಗಿದಾಗ ಒಂದು ಹುಳಿ ವಾಸನೆ ಏಳುತ್ತದೆ. ಅದು ಮೂಗಿಗೆ ಬಿದ್ದದ್ದೇ ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಜೊತೆಗಿದ್ದ ತಮ್ಮನ ಮಗ "ದೊಡ್ಡಪ್ಪ, ಬಸ್ಸು ತಪ್ತೈತಿ, ಜಲ್ದಿ ಬರ್ರಿ" ಎಂದು ಕೈ ಹಿಡಿದು ಎಳೆದ. ಬಸ್ಸು ತಪ್ಪಿಯೇ ಹೋಯಿತು. ಮುಂದಿನ ಬಸ್ಸು ಬರುವತನಕ ಕಟ್ಟೆಯ ಮೇಲೆ ಕೂತಿದ್ದೆ. "ಯಾಕ, ಮೈಯಾಗ ಆರಾಮ ಇಲ್ಲೇನು?" ಎಂದು ಅವನು ಎರಡು ಸಲ ಕೇಳಿದ. ಏನಿಲ್ಲ ಅಂದೆ. ಅವನಿಗೆ ಹೇಳದೆ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ಅದು ದೊಡ್ಡ ಯುದ್ಧದ ಎರಡನೆಯ ಚಳಿಗಾಲ. ನನಗೆ ಇಪ್ಪತ್ತನಾಲ್ಕು ವರ್ಷ. ಹೊಸಪೇಟೆಯ ಪೇಟೆಬೀದಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿ, ಒಂದು ಕೈಮಷಿನ್ನು. ಅಂಗಿ, ಚೊಣ್ಣ, ಕುಪ್ಪಸ ಹೊಲಿದುಕೊಂಡಿದ್ದೆ. ನನ್ನ ಕೈಹೊಲಿಗೆ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಬರುವುದಿಲ್ಲ ಎಂಬ ಜಂಬ ನನಗಿತ್ತು. ಆ ವಯಸ್ಸಿನಲ್ಲಿ ಅದೊಂದೇ ನನ್ನ ಆಸ್ತಿ.

ದೀಪಾವಳಿ ಕಳೆದ ಮೇಲೆ ಒಂದು ದಿನ ಯೂಸುಫ್ ಸಾಬ್ ಅಂಗಡಿಗೆ ಬಂದ. ಸಂಡೂರಿನ ಬೆಟ್ಟದಲ್ಲಿ ಮ್ಯಾಂಗನೀಸ್ ತೆಗೆಸುತ್ತಿದ್ದ ಒಬ್ಬ ಬಿಳಿ ದೊರೆಯ ಬಟ್ಲರ್ ಅವನು. ದೊರೆಯ ಮಾತನ್ನು ನಮಗೆ, ನಮ್ಮ ಮಾತನ್ನು ದೊರೆಗೆ ದಾಟಿಸುವವನೂ ಅವನೇ. ಕೈಯಲ್ಲಿ ಇಂಗ್ಲೆಂಡಿನ ಯಾವುದೋ ಅಂಗಡಿಯ ಪುಸ್ತಕದಿಂದ ಹರಿದ ಒಂದು ಹಾಳೆ. ಅದರಲ್ಲಿ ಒಂದು ಚಿತ್ರ: ಒಬ್ಬ ಮನುಷ್ಯ ಕುತ್ತಿಗೆಯವರೆಗೂ ಚೀಲದೊಳಗೆ ಹೊಕ್ಕು ಮಲಗಿದ್ದಾನೆ, ಮುಖ ಮಾತ್ರ ಹೊರಗಿದೆ, ನಗುತ್ತಿದ್ದಾನೆ.

"ನಮ್ಮ ದೊರಿ ಸಾಬರು ಪ್ರತಿ ವರ್ಷ ಪುಷ್ಯ ಮಾಸದಾಗ ರಾಮನದುರ್ಗದ ಮ್ಯಾಲೆ ಶಿಕಾರಿಗೆ ಹೋಗ್ತಾರ" ಅಂದ ಯೂಸುಫ್. "ಕಡವಿ ನಸುಕಿನಾಗ ಇಳೀತಾವ. ಬಂಗ್ಲೇದಾಗ ಮಲಗಿ ಎದ್ದು ಹೋಗೋದ್ರಾಗ ಅವು ದಾಟಿರ್ತಾವ. ಅಲ್ಲೇ ಬೆಟ್ಟದ ಅಂಚಿನಾಗ ಮಲಗಬೇಕು. ಈ ಹಾಸಿಗಿ ಚೀಲ ಬಿಲಾತಿಯಿಂದ ಬರಬೇಕಿತ್ತು, ಜಹಾಜು ನಿಂತಾವ. ನೀ ಹೊಲೀತೀಯೇನು?"

ನಾನು ಹಾಳೆಯನ್ನು ಒಂದೇ ಸಲ ನೋಡಿ "ಹೊಲಿತೀನಿ" ಅಂದೆ. "ಒಂದಲ್ಲ, ಮೂರು ಥರ ಹೊಲ್ಕೊಂಡು ಬರ್ತೀನಿ. ಯಾವುದು ಬೆಚ್ಚಗ ಐತೋ ಅದನ್ನ ಆರಿಸ್ಲಿ."

ಮೊದಲನೆಯದಕ್ಕೆ ಕಂಬಳಿ ಬೇಕಾಗಿತ್ತು. ಕಂಪ್ಲಿಗೆ ಹೋಗಿ ಇದೇ ಓಣಿಯಲ್ಲಿ ನಾಲ್ಕು ಕರಿಕಂಬಳಿ ಕೊಂಡೆ. ನೇಯ್ದವನು ಏನಕ್ಕೆ ಎಂದು ಕೇಳಿದ. ಚೀಲ ಹೊಲಿಯುತ್ತೇನೆ ಅಂದದ್ದಕ್ಕೆ ಅವನ ಮುಖ ಸಣ್ಣದಾಯಿತು. "ನೇಯ್ದ ಕಂಬಳಿಗೆ ಕತ್ತರಿ ಹಾಕ್ತಾರೇನ್ರೀ ಯಾರಾರ?" ಅಂದ. ನಾನು ನಕ್ಕೆ. ಎರಡನೆಯ ಚೀಲಕ್ಕೆ ದಪ್ಪ ಬಟ್ಟೆಯ ನಡುವೆ ಹತ್ತಿ ತುಂಬಿ ಗಾದಿಯ ಹಾಗೆ ಹೊಲಿದೆ. ಮೂರನೆಯದು ನನ್ನ ಹೆಮ್ಮೆಯದು. ಕಮಲಾಪುರದ ಕೆರೆಯ ಬದಿಯ ಬೂರುಗದ ಮರದ ಅರಳೆ ತರಿಸಿ, ತೆಳುಬಟ್ಟೆಯಲ್ಲಿ ತುಂಬಿ, ಮೇಲೆ ಕ್ಯಾನ್ವಾಸು ಹಾಕಿ, ಬೆರಳಗಲಕ್ಕೊಂದು ಸಾಲಿನಂತೆ ಆರಪಾರ ಹೊಲಿದಿದ್ದೆ. ಎತ್ತಿದರೆ ಕೂಸಿನಷ್ಟು ಹಗುರ. ಹೊಲಿಗೆಯ ಸಾಲುಗಳನ್ನು ನೋಡಿದರೆ ಬಿತ್ತಿದ ಹೊಲದ ಹಾಗೆ ಕಾಣುತ್ತಿತ್ತು. ಅದನ್ನು ನೋಡಲೆಂದೇ ಓಣಿಯ ಹೆಂಗಸರು ಅಂಗಡಿಗೆ ಬಂದುಹೋದರು.

ಬೆಟ್ಟದ ಬುಡದವರೆಗೆ ಗಾಡಿ, ಆಮೇಲೆ ನಡಿಗೆ. ದೊರೆ ಕುದುರೆಯ ಮೇಲೆ ಮುಂದೆ ಹೋಗುತ್ತಿದ್ದ. ಎತ್ತರದ, ಬೆಕ್ಕಿನ ಕಣ್ಣಿನ ಮನುಷ್ಯ. ಕೂಗಾಡುವವನಲ್ಲ, ಹೊಡೆಯುವವನಲ್ಲ. ಬಂದೂಕಾಗಲಿ ಬೂಟಾಗಲಿ ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲ ಎಂದು ಯೂಸುಫ್ ಮೊದಲೇ ಹೇಳಿದ್ದ. ಚಳಿಯನ್ನು ಅಳೆಯಲಿಕ್ಕೆ ಗಾಜಿನ ಕೊಳವೆ ತಂದಿದ್ದ ದೊರೆ. ಏರಿನಲ್ಲಿ ಕುದುರೆ ಜಾರಿದಾಗ ಪೆಟ್ಟಿಗೆ ಬಿದ್ದು ಅದು ಒಡೆದುಹೋಯಿತು. ದೊರೆ ಇಳಿದು ಚೂರುಗಳನ್ನು ನೋಡಿ, ಮತ್ತೆ ಕುದುರೆ ಹತ್ತಿದ.

ಮೇಲೆ ಹಳೆಯ ಕಲ್ಲಿನ ಬಂಗಲೆ. ಅಲ್ಲಿ ನಾಲ್ಕು ಮಂದಿ ಕಾಯುತ್ತಿದ್ದರು. ಮೂವರು ಗಟ್ಟಿ ಹುಡುಗರು, ಕೂಗು ಹಾಕಿ ಪೊದೆಯಿಂದ ಪ್ರಾಣಿ ಎಬ್ಬಿಸುವ ಸೋವಿನವರು. ನಾಲ್ಕನೆಯವನು ಅವರಿಗೆಲ್ಲ ಹಿರಿಯ, ಬಂಡ್ರಿಯ ದುರುಗಪ್ಪ. ನಲವತ್ತು ದಾಟಿತ್ತು. ಮಣ್ಣಿನ ಮೇಲೆ ಹೆಜ್ಜೆ ನೋಡಿ ಕಡವೆ ಎಷ್ಟು ಹೊತ್ತಿಗೆ ದಾಟಿತು, ಹೊಟ್ಟೆ ತುಂಬಿತ್ತೋ ಇಲ್ಲವೋ ಎಂದು ಹೇಳುವವನು. ಅವನಿಲ್ಲದೆ ದೊರೆ ಬೆಟ್ಟ ಹತ್ತುತ್ತಿರಲಿಲ್ಲ. ಅವನ ದೊಡ್ಡ ಮಗನಿಗೆ ಗಣಿಯಲ್ಲಿ ಕೆಲಸ ಕೊಟ್ಟದ್ದೂ ದೊರೆಯೇ.

ಚೀಲದೊಳಗೆ ಮಲಗುವವರ ಮೈ ಒಂದೇ ಅಳತೆಯದಾಗಿರಬೇಕು ಎಂದು ದೊರೆ ಹೇಳಿದ. ನಾನು ಟೇಪು ತೆಗೆದು ನಾಲ್ವರನ್ನೂ ಅಳೆದೆ. ದುರುಗಪ್ಪನ ಎದೆಗೆ ಟೇಪು ಸುತ್ತಿದಾಗ ಪಕ್ಕೆಲುಬು ಬೆರಳಿಗೆ ಸಿಕ್ಕವು, ಮೈ ಬೆಚ್ಚಗಿತ್ತು.

"ಜ್ವರ ಅದಾವೇನು?" ಅಂದೆ.

"ಹೋದ ವಾರ ಚಳಿಜ್ವರ ಬಂದಿದ್ವು. ಬಿಟ್ಟಾವ" ಅಂದ. ಆಮೇಲೆ ನಕ್ಕು, "ಜೀವಮಾನದಾಗ ನನ್ನ ಮೈ ಯಾರೂ ಅಳದಿಲ್ಲ ಪಂಪಣ್ಣೋರ. ಅಂಗಿ ಹೊಲಿಯೋರಂಗ ಅಳೀತೀರಿ!" ಅಂದ.

ಮೊದಲ ದಿನ ಮೂವರು ಮೂರು ಚೀಲದಲ್ಲಿ ಮಲಗಿದರು. ನನ್ನ ಬೂರುಗದ ಚೀಲವನ್ನು ದುರುಗಪ್ಪನಿಗೇ ಕೊಟ್ಟಿದ್ದೆ. ಎಲ್ಲರಿಗಿಂತ ಬುದ್ಧಿಯಿರುವವನು, ಅದರ ಬೆಲೆ ಅವನಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಬೆಳಗಾಗುತ್ತಲೇ ದೊರೆ, ಯೂಸುಫ್, ನಾನು ಬೆಟ್ಟದ ಅಂಚಿಗೆ ಹೋದೆವು. ಮಂಜು ಕಣಿವೆಯಿಂದ ಮೇಲಕ್ಕೆ ಬರುತ್ತಿತ್ತು. ಹುಲ್ಲಿನ ಮೇಲೆ ಕಾಲಿಟ್ಟರೆ ನೀರಿನಲ್ಲಿ ಇಟ್ಟ ಹಾಗೆ. ಹುಡುಗರಿಬ್ಬರೂ "ಭಾಳ ಚಲೋ ಐತ್ರಿ, ಬೆವರು ಬಂತ್ರಿ" ಎಂದು ಹಲ್ಲು ಕಡಿಯುತ್ತ ಹೇಳಿದರು. ದೊರೆಗೆ ಯಾವುದು ಇಷ್ಟವಾಗುತ್ತದೆಂದು ಅವನ ಮುಖ ನೋಡಿ ಹೇಳುತ್ತಿದ್ದರು. ದುರುಗಪ್ಪ ಮಾತ್ರ ಚೀಲದಿಂದ ಹೊರಗೆ ಬಂದು ಅದನ್ನು ಮಡಚಿಡುತ್ತಿದ್ದ.

"ನಿನಗ ಹೆಂಗಿತ್ತು?" ಎಂದು ಯೂಸುಫ್ ಕೇಳಿದ.

"ಖರೇ ಹೇಳ್ಲೇನ್ರಿ? ಇದರಾಗ ಗಾಳಿ ಬರ್ತೈತ್ರಿ."

"ಎಲ್ಲಿಂದ ಬರ್ತೈತಿ?" ಅಂದೆ ನಾನು. ನನ್ನ ದನಿ ಏರಿತ್ತು.

ಅವನು ಚೀಲವನ್ನು ಬಿಚ್ಚಿ ಬೆಳಕಿಗೆ ಹಿಡಿದ. ಹೊಲಿಗೆಯ ಸಾಲು ಹೋದಲ್ಲೆಲ್ಲ ಅರಳೆ ಎರಡೂ ಕಡೆ ಸರಿದು, ಅಲ್ಲಿ ಬರೀ ಬಟ್ಟೆ ಉಳಿದಿತ್ತು. ಸೂರ್ಯನ ಬೆಳಕು ಗೆರೆಗೆರೆಯಾಗಿ ಹಾದುಬರುತ್ತಿತ್ತು. "ನೋಡ್ರಿ, ಹೊಲಿಗಿ ಇದ್ದಲ್ಲೆಲ್ಲ ಚಳಿ ಬಾರಿಸಿದಂಗ ಬಾರಿಸ್ತೈತಿ. ಬೆನ್ನಾಗ ಗೆರಿ ಹೊಡದಂಗ ಆಗೈತಿ. ಎರಡು ಪದರ ಮಾಡಿ ಒಂದರ ಹೊಲಿಗಿ ಮ್ಯಾಲೆ ಇನ್ನೊಂದರ ಹೊಲಿಗಿ ಬರದಂಗ ಹೊಲೀಬೇಕ್ರಿ. ಒಳಗಿನ ಪದರ ಕಂಬಳಿದು ಇರಬೇಕು. ಕುರಿ ಮಳಿಯಾಗ ನಿಂತ್ರೂ ಸಾಯಂಗಿಲ್ಲ ನೋಡ್ರಿ."

ಯೂಸುಫ್ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ದೊರೆ ನನ್ನ ಚೀಲವನ್ನು ಇಸಿದುಕೊಂಡು ತಾನೂ ಬೆಳಕಿಗೆ ಹಿಡಿದ, ಒಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿ ನಕ್ಕ. ಸೋವಿನ ಹುಡುಗರೂ ನಕ್ಕರು. ನನ್ನ ಕಿವಿ ಕಾದವು. ಅವನು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಅದಕ್ಕೇ ಅಷ್ಟು ಉರಿದದ್ದು. ಓದು ಬರಹ ಇಲ್ಲದವನು, ಸೂಜಿ ಹಿಡಿದು ಗೊತ್ತಿಲ್ಲದವನು, ನಾಲ್ಕು ಮಂದಿಯೆದುರು ನನ್ನ ಹೊಲಿಗೆಯಲ್ಲಿ ಬೆಳಕು ತೋರಿಸಿದ್ದ.

ಅಂದು ಮಧ್ಯಾಹ್ನ ದೊರೆ ಬಂಗಲೆಯ ಜಗಲಿಯಲ್ಲಿ ಕೂತು ಯೂಸುಫ್‌ಗೆ ಏನೋ ಹೇಳಿದ. ಯೂಸುಫ್ ತಲೆ ಕೆರೆದುಕೊಳ್ಳುತ್ತ ನನ್ನ ಹತ್ತಿರ ಬಂದ.

"ಸಾಬರು ಹೇಳ್ತಾರ, ಹುಡುಗರ ಮಾತು ನಂಬಾಕ ಆಗಂಗಿಲ್ಲ. ಚಳಿ ಎಷ್ಟೈತಿ ಅಂತ ಗೊತ್ತಾಗದ ಚೀಲ ಎಷ್ಟು ಚಲೋ ಐತಿ ಅಂತ ಗೊತ್ತಾಗೋದು ಹೆಂಗ? ಗಾಜು ಒಡದೈತಿ. ಅದಕ್ಕ ಮೂರು ದಿನ ಮೂವರು ಚೀಲದಾಗ ಮಲಗ್ಲಿ, ಒಬ್ಬ ಚೀಲ ಇಲ್ಲದ ಮಲಗ್ಲಿ. ಬೆಂಕಿ ಇರಬಾರದು, ಕಂಬಳಿ ಇರಬಾರದು. ಬೆಳಿಗ್ಗೆ ನಾಕೂ ಮಂದೀನ್ನ ನೋಡಿ ಬರಕೊಂತಾರಂತ. ಯಾರು ಬರೇ ಮಲಗಬೇಕು ಅಂತ ನೀನ ಹೇಳಬೇಕಂತ. ಮೈ ಅಳದವ ನೀನಲ್ಲ?"

ಹುಡುಗರು ಮೂವರೂ ಗಟ್ಟಿಮುಟ್ಟಾಗಿದ್ದರು. ಇಪ್ಪತ್ತು, ಇಪ್ಪತ್ತೆರಡರವರು. ಅವರಲ್ಲಿ ಯಾರನ್ನು ಹೇಳಿದ್ದರೂ ಮೂರು ದಿನ ಹಲ್ಲು ಕಡಿದು ಬೆಳಿಗ್ಗೆ ಬಿಸಿಲಿಗೆ ಕೂತು ಸರಿಹೋಗುತ್ತಿದ್ದರು. ಚೀಟಿ ಎತ್ತೋಣ ಎಂದಿದ್ದರೂ ಆಗುತ್ತಿತ್ತು. ಜ್ವರ ಬಿಟ್ಟು ವಾರವಾದ ಮೈ ಯಾರದೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ದುರುಗಪ್ಪ ಮಲಗ್ಲಿ" ಅಂದೆ. "ಅವನಿಗೆ ಚಳಿ ಭಾಳ ಗೊತ್ತಾಗ್ತೈತಲ್ಲ. ಅವನ ಸರಿಯಾಗಿ ಹೇಳ್ತಾನ."

ಯೂಸುಫ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಹೋಗಿ ದೊರೆಗೆ ಹೇಳಿದ. ದೊರೆ ತಲೆಯಾಡಿಸಿದ. ಅವನಿಗೆ ಅದು ಒಳ್ಳೆಯ ಕಾರಣವಾಗಿ ಕಂಡಿರಬೇಕು.

ದುರುಗಪ್ಪನಿಗೆ ಹೇಳಿದಾಗ ಅವನು ಯಾರು ಆರಿಸಿದರೆಂದು ಕೇಳಲಿಲ್ಲ. "ಬೆಟ್ಟ ನಂದು, ಚಳೀನೂ ನಂದ. ಮಲಗ್ತೀನಿ ಬಿಡ್ರಿ" ಎಂದು ತನ್ನ ಕಂಬಳಿಯನ್ನು ತಂದು ನನ್ನ ಕೈಗೇ ಕೊಟ್ಟ. "ಜೋಪಾನ ರೀ. ನನ್ನ ಹೇಣ್ತಿ ಅಪ್ಪ ಕೊಟ್ಟಿದ್ದು."

ಮಾರನೆಯ ಬೆಳಿಗ್ಗೆ ನೋಡಿದಾಗ ಅವನು ಮೊಣಕಾಲನ್ನು ಎದೆಗೆ ಕಟ್ಟಿಕೊಂಡು ಕೂತಿದ್ದ. ಒಂದು ಪಂಚೆ, ಒಂದು ಹರಕು ಅಂಗಿ. ಚಹದ ಲೋಟ ಕೊಟ್ಟರೆ ಹಿಡಿಯಲಾಗಲಿಲ್ಲ, ಅರ್ಧ ಚೆಲ್ಲಿತು. ದೊರೆ ಅವನ ಉಗುರು ನೋಡಿ, ತುಟಿ ನೋಡಿ, ಸಣ್ಣ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಚೀಲದವರ ಉಗುರು ನೋಡಿದ. ದೊರೆಗೆ ಬಹಳ ಖುಷಿಯಾಗಿತ್ತು. ಈಗ ವ್ಯತ್ಯಾಸ ಕಣ್ಣಿಗೆ ಕಾಣುತ್ತಿದೆ ಎಂದು ಯೂಸುಫ್‌ನ ಬೆನ್ನು ತಟ್ಟಿದ.

ಅಂದು ಹಗಲೆಲ್ಲ ದುರುಗಪ್ಪ ಬಂಗಲೆಯ ಗೋಡೆಗೆ ಒರಗಿ ಬಿಸಿಲು ಕಾಸಿದ. ಕೆಮ್ಮು ಶುರುವಾಗಿತ್ತು. ಸಂಜೆ ಯೂಸುಫ್ ಅಡಿಗೆಮನೆಯ ಹಿಂದೆ ನನ್ನನ್ನು ಕರೆದ.

"ಪಂಪಣ್ಣ, ಇವತ್ತು ಬ್ಯಾರೆಯವನ್ನ ಹಾಕೋಣು. ನಾ ಸಾಬರಿಗೆ ಹೇಳ್ತೀನಿ, ಕೇಳ್ತಾರ. ನೀ ಒಂದು ಮಾತು ಹೂಂ ಅನ್ನು. ಅಳತಿ ಎಲ್ಲಾರದೂ ಒಂದ ಐತಿ ಅನ್ನು, ಸಾಕು."

ನಾನು ಆಗ ಬೂರುಗದ ಚೀಲದ ಒಂದು ಮೂಲೆಯ ಹೊಲಿಗೆ ಬಿಚ್ಚುತ್ತಿದ್ದೆ. ಎರಡು ಪದರ ಮಾಡಿ, ಸಾಲಿನ ಮೇಲೆ ಸಾಲು ಬಾರದಂತೆ ಹೊಲಿಯಲಿಕ್ಕೆ. ತಲೆಯೆತ್ತದೆ, "ಮನಶಾನ್ನ ಬದ್ಲಿ ಮಾಡಿದ್ರ ಲೆಕ್ಕ ತಪ್ತೈತಿ. ದೊರಿ ಮೂರು ದಿನ ಅಂದಾರ" ಅಂದೆ.

ಯೂಸುಫ್ "ಅಲ್ಲಾ" ಎಂದು ಎದ್ದುಹೋದ. ಮುಂದೆ ಬೆಟ್ಟ ಇಳಿಯುವತನಕ ಅವನು ನನ್ನ ಸಂಗಡ ಒಂದು ಮಾತೂ ಆಡಲಿಲ್ಲ.

ಎರಡನೆಯ ದಿನವೂ ಮೂರನೆಯ ದಿನವೂ ದುರುಗಪ್ಪನೇ ಬರೇ ಮಲಗಿದ. ಮೂರನೆಯ ಬೆಳಗು ಮಂಜಿನ ಜೊತೆ ಹನಿ. ಆ ತಿಂಗಳಲ್ಲಿ ಮಳೆ ಬರುವ ಹಾಗಿಲ್ಲ, ಆದರೂ ಬಂದಿತ್ತು. ನಾವು ಹೋದಾಗ ದುರುಗಪ್ಪ ಇದ್ದಲ್ಲಿ ಇರಲಿಲ್ಲ. ಹುಡುಕಿದರೆ ಒಂದು ಬಂಡೆಯ ಸಂದಿಯಲ್ಲಿ ಹುಲ್ಲು ಕಿತ್ತು ಮೈಮೇಲೆ ಹಾಕಿಕೊಂಡು ಮುದುರಿದ್ದ. ಕಣ್ಣು ಅರ್ಧ ತೆರೆದಿದ್ದವು. ಉಸಿರೆಳೆದರೆ ಎದೆಯೊಳಗೆ ಅಕ್ಕಿ ಜರಡಿ ಹಿಡಿದ ಸದ್ದು. ಈಗ ನಡುಗುತ್ತಿರಲಿಲ್ಲ. ದೊರೆ ಬಗ್ಗಿ ಅವನ ಕೈ ಮುಟ್ಟಿ, ಕೂಡಲೇ ಎದ್ದುನಿಂತು ಸಾಕು ಅಂದ. ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ಮರೆಯಲಿಲ್ಲ.

ಕಂಬಳಿ ಚೀಲದೊಳಗೆ ಅವನನ್ನು ಹಾಕಿ, ಬಿದಿರಿಗೆ ಕಟ್ಟಿ ಹೊತ್ತುಕೊಂಡು ಇಳಿದೆವು. ಹುಡುಗರು ಮೂವರು, ನಾಲ್ಕನೆಯ ಹೆಗಲು ನನ್ನದು. ಕೆಂಪುಮಣ್ಣು ಮಳೆಗೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಇಳಿಸಿ ನೀರು ಕುಡಿಸುವಾಗ ಅವನು ಕಣ್ಣು ಬಿಟ್ಟ. ಒಳಗಿನಿಂದ ಕೈ ಹೊರಗೆ ಹಾಕಿ ಚೀಲದ ಅಂಚನ್ನು ಮುಟ್ಟಿ ಮುಟ್ಟಿ ನೋಡಿದ.

"ಇದು ಚಲೋ ಐತ್ರಿ ಪಂಪಣ್ಣೋರ" ಅಂದ. ಮಾತು ತೊದಲುತ್ತಿತ್ತು. "ಬಾಯಿಗೆ ಒಂದು ಲಾಡಿ ಹಾಕ್ರಿ. ಚೊಣ್ಣಕ್ಕ ಹಾಕ್ತೀರಲ್ಲ, ಹಂಗ. ಕುತ್ತಿಗಿ ಸುತ್ತ ಬಿಗದ್ರ ಕಾವು ಹೊರಗ ಹೋಗಂಗಿಲ್ಲ."

ನಾನು "ಹೂಂ, ಹಾಕ್ತೀನಿ" ಅಂದೆ.

ಬಂಡ್ರಿಯಲ್ಲಿ ಅವನ ಹೆಂಡತಿ ಹುಲಿಗೆವ್ವ ಬಾಗಿಲಲ್ಲಿ ಜೋಳ ಕೇರುತ್ತ ಕೂತಿದ್ದಳು. ಬಿದಿರು ಹೊತ್ತು ಬರುವವರನ್ನು ನೋಡಿ ಏನೋ ಪ್ರಾಣಿ ಹೊಡೆದು ತಂದಿದ್ದಾರೆಂದು ತಿಳಿದು, ಮೊರ ಕೆಳಗಿಟ್ಟು ನಗುತ್ತ ಎದ್ದಳು. ಆ ನಗು ಅವಳ ಮುಖದ ಮೇಲಿಂದ ಹೇಗೆ ಇಳಿಯಿತೆಂದು ನಾನು ಬರೆಯಲಾರೆ.

ನಾಲ್ಕು ದಿನ ಕಳೆದವು. ಸಂಕ್ರಾಂತಿಯೊಳಗೆ ಕಡೆಯ ಚೀಲ ತಯಾರಾಗಬೇಕೆಂದು ದೊರೆ ಹೇಳಿಕಳಿಸಿದ. ಒಳಪದರಕ್ಕೆ ಕಂಬಳಿ ಚೀಲವನ್ನೇ ಬಳಸಬೇಕಿತ್ತು. ಅದು ದುರುಗಪ್ಪನ ಮೈಮೇಲಿತ್ತು. ಕಂಪ್ಲಿಗೆ ಹೋಗಿ ಇನ್ನೆರಡು ಕಂಬಳಿ ತರಬಹುದಾಗಿತ್ತು, ಎರಡು ದಿನದ ಮಾತು. ನಾನು ಬಂಡ್ರಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಪೇಟೆಯಲ್ಲಿ ಒಂದು ಪೊಟ್ಟಣ ಕಲ್ಲುಸಕ್ಕರೆ ಕಟ್ಟಿಸಿಕೊಂಡೆ. ದುರುಗಪ್ಪನ ಕಂಬಳಿ ನನ್ನಲ್ಲೇ ಉಳಿದಿತ್ತು, ಅದನ್ನೂ ಒಯ್ದೆ.

ಅವನು ಚೀಲದೊಳಗೆ ಮಲಗಿದ್ದ. ಗುರುತು ಹಿಡಿಯಲಿಲ್ಲ. ಹುಲಿಗೆವ್ವ ನನಗೆ ಚಾಪೆ ಹಾಸಿ, "ಕುಂದ್ರಿ ಯಪ್ಪಾ. ಅಷ್ಟು ದೂರದಿಂದ ನೋಡಾಕ ಬಂದ್ರ್ಯಾ? ದೊರಿ ಮಂದಿ ಯಾರೂ ಈ ಕಡೆ ತಲಿ ಹಾಕಿಲ್ಲ" ಅಂದಳು. ಕಲ್ಲುಸಕ್ಕರೆಯನ್ನು ನೀರಲ್ಲಿ ಕರಗಿಸಿ ಗಂಡನ ಬಾಯಿಗೆ ಬಿಟ್ಟಳು. ಚೀಲದ ಮಾತನ್ನು ಅವಳೇ ಎತ್ತಿದಳು.

"ಈ ಚೀಲ ದೊರಿದಂತಲ್ರಿ? ನಮ್ಮನ್ಯಾಗ ಇಟ್ಕೊಂಡ್ರ ನಾಳಿ ಕದ್ದಾರ ಅಂತಾರ. ಮಗನ ಕೆಲಸಕ್ಕ ಕುತ್ತು ಬರ್ತೈತಿ. ಹೆಂಗೂ ನಮ್ಮ ಕಂಬಳಿ ತಂದೀರಿ, ಇದನ್ನ ಒಯ್ದುಬಿಡ್ರಿ."

ಇರಲಿ ತಾಯಿ, ಆಮೇಲೆ ಒಯ್ಯುತ್ತೇನೆ ಅನ್ನಬಹುದಾಗಿತ್ತು. ಅಷ್ಟು ಸಣ್ಣ ಮಾತು. ನಾನು ಅನ್ನಲಿಲ್ಲ. ಅವಳು ಅವನನ್ನು ಕಂಕುಳಿಗೆ ಕೈಹಾಕಿ ಎತ್ತಿ, ಚೀಲದಿಂದ ಬಿಡಿಸಿ, ಹಳೆಯ ಕಂಬಳಿ ಹೊದಿಸಿದಳು. ಚೀಲವನ್ನು ಕೊಡವಿ ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟಳು. ಅದರೊಳಗೆ ಇನ್ನೂ ಜ್ವರದ ಬಿಸಿಯಿತ್ತು. ಹೊಸಪೇಟೆಯವರೆಗೂ ಅದನ್ನು ಬಗಲಲ್ಲಿ ಹಿಡಿದುಕೊಂಡೇ ಬಂದೆ.

ದುರುಗಪ್ಪ ಅದಾದ ಮೂರನೆಯ ದಿನಕ್ಕೆ ತೀರಿಕೊಂಡ. ಆ ಹೊತ್ತಿಗೆ ನಾನು ಲಾಡಿ ಪೋಣಿಸುತ್ತಿದ್ದೆ.

ಚೀಲ ಬಹಳ ಚೆನ್ನಾಗಿ ಆಯಿತು. ಒಳಗೆ ಕಂಬಳಿ, ಮೇಲೆ ಬೂರುಗದ ಅರಳೆ ಎರಡು ಪದರ, ಕುತ್ತಿಗೆಗೆ ಲಾಡಿ. ದೊರೆ ಅದರಲ್ಲಿ ಐದು ದಿನ ಬೆಟ್ಟದ ಅಂಚಿನಲ್ಲಿ ಮಲಗಿ ಎರಡು ಕಡವೆ ಹೊಡೆದನಂತೆ. ಬಳ್ಳಾರಿಯ ಸಾಹೇಬರು ಅದನ್ನು ನೋಡಿ ತಮಗೂ ಬೇಕೆಂದರು. ಮುಂದಿನ ಎರಡು ಚಳಿಗಾಲ ನನಗೆ ಬೇರೆ ಹೊಲಿಗೆಗೆ ಪುರುಸೊತ್ತಿರಲಿಲ್ಲ. ಜನ ನನ್ನನ್ನು ಚೀಲದ ಪಂಪಣ್ಣ ಎಂದೇ ಕರೆದರು. ಹೊಲಿಗೆಯ ಮೇಲೆ ಹೊಲಿಗೆ ಬರದಂತೆ ಹೊಲಿಯುವ ಈ ಯುಕ್ತಿ ಎಲ್ಲಿ ಕಲಿತೆ ಎಂದು ಕೇಳಿದವರಿಗೆ, ನನಗೇ ಹೊಳೆಯಿತು ಅನ್ನುತ್ತಿದ್ದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯ ಚೀಲಗಳು ಸಂತೆಯಲ್ಲಿ ರಾಶಿ ಬಿದ್ದವು. ನನ್ನವನ್ನು ಕೇಳುವವರಿಲ್ಲವಾದರು. ಆ ದೊರೆಯೂ ಊರು ಬಿಟ್ಟು ಹೋದ. ಯೂಸುಫ್ ಸಾಬ್ ನನ್ನ ಅಂಗಡಿಯ ಮುಂದೆ ಎಷ್ಟೋ ಸಲ ಹಾದುಹೋಗುತ್ತಿದ್ದ, ತಲೆ ತಿರುಗಿಸುತ್ತಿರಲಿಲ್ಲ.

ದುರುಗಪ್ಪ ಸತ್ತ ಮರುವರ್ಷ ಸೀತಾಫಲದ ಕಾಲದಲ್ಲಿ ಹುಲಿಗೆವ್ವ ಅಂಗಡಿಗೆ ಬಂದಳು. ತಲೆಯ ಮೇಲೆ ಬುಟ್ಟಿ. ಬೆಟ್ಟದ ಹಣ್ಣು, ಮಾರಲಿಕ್ಕೆ ಬಂದಿದ್ದಾಳೆಂದುಕೊಂಡೆ. ಬುಟ್ಟಿಯಿಂದ ಆರಿಸಿ ಆರಿಸಿ ಹತ್ತು ಹಣ್ಣು ನನ್ನ ಮಷಿನ್ನಿನ ಪಕ್ಕ ಇಟ್ಟಳು.

"ಅವ್ರನ್ನ ಹೆಗಲ ಮ್ಯಾಲೆ ಹೊತ್ತು ತಂದ್ರಿ. ನೋಡಾಕಂತ ಬಂದವ್ರೂ ನೀವೊಬ್ರ" ಅಂದಳು. ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ಕೂತು, ಹೋಗುವಾಗ ಕೇಳಿದಳು. "ಒಂದು ಮಾತು ಕೇಳ್ತೀನಿ ಯಪ್ಪಾ. ನಾಕು ಮಂದಿ ಇದ್ರಲ್ಲ. ಅವ್ರನ್ನ ಯಾಕ ಆರಿಸಿದ್ರು?"

"ದೊರಿ ಮನಸ್ಸು ತಾಯಿ" ಅಂದೆ. "ನಮಗೇನು ಗೊತ್ತಾಗ್ತೈತಿ."

ಅವಳು ದೊರೆಯ ವಂಶಕ್ಕೆ ಶಾಪ ಹಾಕಿದಳು. ಮಣ್ಣು ತೂರಿ, ಹೊಟ್ಟೆಯೊಳಗಿಂದ ಹಾಕಿದಳು. ನಾನು ಮಷಿನ್ನಿನ ಹಿಂದೆ ಕೂತು ಅದನ್ನೆಲ್ಲ ಕೇಳಿದೆ.

ಆಮೇಲೆ ಪ್ರತಿ ವರ್ಷ ಬಂದಳು. ಹತ್ತು ಹಣ್ಣಿಗೆ ಕಡಿಮೆಯಿಲ್ಲ. ದುಡ್ಡು ಕೊಡಹೋದರೆ ಸಿಟ್ಟಾಗುತ್ತಿದ್ದಳು. ನನ್ನ ಮಕ್ಕಳು ಅವಳನ್ನು ಹಣ್ಣಿನವ್ವ ಎನ್ನುತ್ತಿದ್ದರು. ಅವರ ತಲೆ ಮುಟ್ಟಿ "ನಿಮ್ಮಪ್ಪ ದೇವರಂಥಾತ" ಅನ್ನುತ್ತಿದ್ದಳು. ನನ್ನ ಹೆಂಡತಿ ಆ ಮಾತಿಗೆ ಹಿಗ್ಗುತ್ತಿದ್ದಳು.

ಒಂದು ವರ್ಷ ಅವಳು ಬರಲಿಲ್ಲ. ಅವಳ ದೊಡ್ಡ ಮಗ ಬಂದ. ಗಣಿಯ ಕೆಲಸದವನು, ಉಗುರಿನ ಸಂದಿಯಲ್ಲೆಲ್ಲ ಕರಿಮಣ್ಣು, ಅಪ್ಪನದೇ ಮುಖ. ಬುಟ್ಟಿ ಇಳಿಸಿ, "ಅವ್ವ ಮಲಗ್ಯಾಳ್ರಿ, ಇನ್ನ ಏಳಂಗಿಲ್ಲ ಅಂತ ಕಾಣ್ತೈತಿ. ಪಂಪಣ್ಣಗ ಹಣ್ಣು ಮುಟ್ಟಿಸಿ ಬಾ ಅಂದ್ಲು. ಏನರ ಹೇಳೋದಿದ್ರ ಕೇಳ್ಕೊಂಡು ಬಾ ಅಂದಾಳ" ಎಂದು ನನ್ನೆದುರು ನಿಂತ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಷಿನ್ನು ನಿಲ್ಲಿಸಿದೆ. ಎದ್ದು ನಿಂತೆ. ಅವನ ಮುಖ ನೋಡಿ ಬಾಯಿ ತೆರೆದೆ.

"ಹಣ್ಣು ಭಾಳ ಚಲೋ ಅದಾವ ಅಂತ ಹೇಳು" ಅಂದೆ.